ಎಂಟು ಗಂಟೆಗೆ ಯಾರೂ ಬಾರದಿದ್ದರೆ

ಡೊಂಬಿವಲಿ, ಭಾನುವಾರ

ಚಿ. ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ಪುಣೆಯಲ್ಲಿ ಹಾಕಬೇಕೆಂದಿರುವ ನಿನ್ನ ಏಜೆನ್ಸಿಯ, ಮನೆಮನೆಗೆ ರೋಗಿಗಳ ಆರೈಕೆಗೆ ಜನ ಕಳಿಸುವ ಅಂಗಡಿಯ, ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿದ್ದೆಯಲ್ಲ, ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಓದಿದೆ. 14 ಪುಟ. ಲೋಗೋಗೇ ಎರಡು ಪುಟ, ಆ್ಯಪಿಗೆ ಮೂರು. ಬಾಣೇರಿನ ಆಫೀಸಿನ ಬಾಡಿಗೆ, ಎಸಿ, ಕುರ್ಚಿ ಎಲ್ಲದರ ಲೆಕ್ಕ ಚೊಕ್ಕವಾಗಿದೆ. ಹೆಸರೂ ಚಂದ ಇಟ್ಟಿದ್ದೀಯ. ಆದರೆ ರಾತ್ರಿ ಎಂಟು ಗಂಟೆಗೆ ಡ್ಯೂಟಿಗೆ ಬರಬೇಕಾದವಳು ಬಾರದಿದ್ದರೆ ಅವಳ ಬದಲಿಗೆ ಯಾರು ಎಂಬುದು ಮಾತ್ರ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ. ಫೋನಿನಲ್ಲಿ ಕೇಳಿದರೆ ‘ಅಪ್ಪಯ್ಯ, ಅದೆಲ್ಲ ಮ್ಯಾನೇಜ್ ಮಾಡ್ತೇವೆ’ ಅನ್ನುತ್ತೀ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ನರ್ಸಿಂಗ್ ನಿನ್ನ ವಿದ್ಯೆ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಕೆಲಸದವರನ್ನು ಇಟ್ಟುಕೊಳ್ಳುವುದು ಅಂದರೆ ಏನೆಂದು 31 ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕೂತು ನೋಡಿದ್ದೇನೆ. ಹೋಟೆಲಿನಲ್ಲಿ ಒಬ್ಬ ಮಾಣಿ ಊರಿಗೆ ಓಡಿಹೋದರೆ ಗಿರಾಕಿಗೆ ಚಹಾ ಹತ್ತು ನಿಮಿಷ ತಡ, ಅಷ್ಟೆ. ನೀನು ಹಾಕಹೊರಟ ಅಂಗಡಿ ಹಾಗಲ್ಲ.

2019ರ ಮೇಯಲ್ಲಿ ಅಮ್ಮನಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿ ಮಾತೂ ಹೋದಾಗ ನೀನು ಕೊನೆಯ ವರ್ಷದ ಓದಿನಲ್ಲಿದ್ದೆ. ಶನಿವಾರ ಬರುತ್ತಿದ್ದೆ, ಭಾನುವಾರ ಹೋಗುತ್ತಿದ್ದೆ. ವಾರದ ಉಳಿದ ದಿನಗಳು ನಿನಗೆ ಗೊತ್ತಿಲ್ಲ. ಮನೆಗೆ ಆಯಾಗಳನ್ನು, ಅಂದರೆ ಇಲ್ಲಿನ ಮಾವಶಿಯರನ್ನು, ಕಳಿಸುವ ಬ್ಯುರೋಗಳಿಂದ ಎಂಟು ತಿಂಗಳಲ್ಲಿ ಹನ್ನೊಂದು ಜನ ಬಂದರು. ಒಬ್ಬಳು ಎರಡು ಗಂಟೆಯೂ ಇರಲಿಲ್ಲ, ಮೂರನೇ ಮಹಡಿಗೆ ಲಿಫ್ಟ್ ಇಲ್ಲ ಅಂತ ಹೋದಳು. ಇನ್ನೊಬ್ಬಳು ಒಳ್ಳೆಯವಳೇ, ಆದರೆ ಹತ್ತು ದಿನಕ್ಕೊಂದು ಖಾಡಾ, ಹೇಳದೇ ರಜೆ. ಮನೆಕೆಲಸದ ಬಾಯಿ ಖಾಡಾ ಹಾಕಿದರೆ ಪಾತ್ರೆ ಉಳಿಯುತ್ತದೆ. ಇಲ್ಲಿ ಅಮ್ಮ ಒಂದೇ ಮಗ್ಗುಲಲ್ಲಿ ಉಳಿಯುತ್ತಿದ್ದಳು. ನಾನೊಬ್ಬನೇ ಹೊರಳಿಸಲು ಹೋಗಿ ಎಳೆದುಬಿಡುತ್ತಿದ್ದೆ. ಎಳೆದರೆ ಚರ್ಮ ಸುಲಿಯುತ್ತದೆ, ಮೈಕೆಳಗೆ ಮಡಚಿದ ಚಾದರ ಹಾಕಿ ಇಬ್ಬರು ಎರಡು ಬದಿ ಹಿಡಿದು ಎತ್ತಬೇಕು ಅಂತ ನೀನೇ ಆಮೇಲೆ ಕಲಿಸಿದ್ದು. ಅಷ್ಟರಲ್ಲಿ ಬೆನ್ನಿನ ಕೆಳಗೆ ಎಂಟಾಣೆಯಷ್ಟು ಕೆಂಪು ಮೂಡಿತ್ತು. ಒತ್ತಿದರೂ ಬೆಳ್ಳಗಾಗುತ್ತಿರಲಿಲ್ಲ, ಹುಣ್ಣಿನ ಶುರು ಅದು.

ಆ ಜುಲೈಯ 26ರ ರಾತ್ರಿ ನೆನಪಿದೆಯಾ? ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಹತ್ತಿರ ನೀರಲ್ಲಿ ಸಿಕ್ಕಿಕೊಂಡ ರಾತ್ರಿ. ಮರುದಿನ ಬೋಟು, ಹೆಲಿಕಾಪ್ಟರು ಎಲ್ಲ ಟಿವಿಯಲ್ಲಿ ತೋರಿಸಿದರಲ್ಲ. ನಮ್ಮ ರಾತ್ರಿಯ ಮಾವಶಿಯ ಮನೆ ಬದಲಾಪುರದಲ್ಲಿ. ಮನೆಯೊಳಗೆ ನೀರು ಬರುತ್ತಿದೆ, ಮಕ್ಕಳನ್ನು ಬಿಟ್ಟು ಬರಲಾರೆ ಅಂದಳು. ಸರಿಯೇ. ಬ್ಯುರೋಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹಗಲಿನ ಮಾವಶಿ ಎಂಟಕ್ಕೆ ಸೀರೆ ಬದಲಿಸಿ ಚೀಲ ಹೆಗಲಿಗೆ ಹಾಕಿ ನಿಂತಿದ್ದವಳು ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು. ಮರುದಿನವೂ ಯಾರೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದವಳು ಹೊರಟದ್ದು ಶನಿವಾರ ರಾತ್ರಿ ಎಂಟಕ್ಕೆ. 36 ಗಂಟೆ. ಎರಡೆರಡು ಗಂಟೆಗೆ ಎದ್ದು ಅಮ್ಮನನ್ನು ಹೊರಳಿಸಲು ಅಲಾರಾಂ ಇಟ್ಟು ನೆಲದ ಮೇಲೆ ಒರಗುತ್ತಿದ್ದಳು.

ತಿಂಗಳ ಬಿಲ್ಲು ಬಂತು. ನನಗೆ ಮೂರು ಡ್ಯೂಟಿ ಹಾಕಿದ್ದರು, 700ರಂತೆ 2,100. ಕೊಟ್ಟೆ. ಮಾವಶಿಗೆ ಸಿಕ್ಕಿದ್ದು ಎರಡು ಡ್ಯೂಟಿಯದು, 450ರಂತೆ 900. ನಡುವಿನ ರಾತ್ರಿ ರಿಜಿಸ್ಟರಿನಲ್ಲಿ ಬೇರೆಯವಳ ಹೆಸರಲ್ಲಿದೆ ಅಂದರಂತೆ. ಅವಳು ಇದನ್ನು ಜಗಳದ ಹಾಗೆ ಹೇಳಲಿಲ್ಲ, ಅಮ್ಮನ ತಲೆ ಬಾಚುತ್ತಾ ಹೇಳಿದಳು. ಅವತ್ತೇ ನಾನು ಬ್ಯುರೋ ಬಿಟ್ಟು ಅವಳಿಗೆ ನೇರ ದುಡ್ಡು ಕೊಡತೊಡಗಿದೆ, ದಿನಕ್ಕೆ 600. ಬ್ಯುರೋದ ಕಾಗದದಲ್ಲಿ ಹಾಗೆ ಮಾಡಕೂಡದು ಅಂತ ಇತ್ತು, ಅದಕ್ಕೆ ಸಹಿ ಹಾಕಿದವನೂ ನಾನೇ. ನಿನಗೂ ನನ್ನಂಥ ಪಾರ್ಟಿಗಳು, ಅಂದರೆ ಗಿರಾಕಿ ಮನೆಯವರು, ಸಿಗುತ್ತಾರೆ ಮಗಾ. ನಿನ್ನ ಫೈಲಿನ ಒಂಬತ್ತನೇ ಪುಟದಲ್ಲಿ ಅಂಥವರಿಗೆ ದಂಡ 50,000 ಅಂತ ಬರೆದಿದ್ದೀಯ. ವಸೂಲಾಗುವುದಿಲ್ಲ, ಬಿಡು. ಆ 250 ರೂಪಾಯಿಗೆ ಬ್ಯುರೋದವರು ಏನು ಕೊಟ್ಟರು ಅಂತ ನಾನು ಆವತ್ತು ಲೆಕ್ಕ ಹಾಕಿದೆ. ಮೊದಲ ದಿನ ಒಂದು ಫೋನ್ ನಂಬರು, ಆಮೇಲೆ ಸ್ವಿಚ್ ಆಫ್. ಆ ಮಳೆಯ ರಾತ್ರಿ ಯಾರನ್ನಾದರೂ ರಿಕ್ಷಾದಲ್ಲಿ ಕಳಿಸಿದ್ದರೆ ನಾನು ಇವತ್ತಿಗೂ ಅವರ ಹೆಸರು ಹತ್ತು ಜನಕ್ಕೆ ಹೇಳುತ್ತಿದ್ದೆ.

ಪರೇಲಿನ ಕೆಇಎಂ ಆಸ್ಪತ್ರೆಯ ಮುಂದೆ ಬಸ್ ಹಾದರೆ ಅಮ್ಮ ಕಿಟಕಿಗೆ ಕೈ ಮುಗಿಯುತ್ತಿದ್ದಳು, ನೋಡಿದ್ದೀಯ. ಅಲ್ಲಿ ನರ್ಸಾಗಿದ್ದಾಗ ಹಲ್ಲೆಗೊಳಗಾಗಿ ಮತ್ತೆ ಏಳದ ಅರುಣಾ ಶಾನಭಾಗ ಹೊನ್ನಾವರದ ಹಳದೀಪುರದವಳು, ‘ನಮ್ಮ ಬದಿಯ ಹೆಣ್ಣು’ ಅನ್ನುತ್ತಿದ್ದಳು. 1973ರ ನವೆಂಬರಿನಿಂದ 2015ರ ಮೇ ತನಕ ಆಕೆಯನ್ನು ಅಲ್ಲಿನ ನರ್ಸುಗಳೇ ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದಾಗ, ಇಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಬೆಡ್‌ಸೋರ್, ಮಲಗಿ ಮಲಗಿ ಆಗುವ ಹುಣ್ಣು, ಇಲ್ಲ ಅಂತ ಪೇಪರುಗಳಲ್ಲೆಲ್ಲ ಬಂತು. ನಮ್ಮ ಮನೆಯಲ್ಲಿ ಎರಡೇ ತಿಂಗಳಿಗೆ ಹುಣ್ಣಾಯಿತು. ನಮ್ಮ ಮಾವಶಿಯ ಕೈ ಕೆಟ್ಟದ್ದೇನಲ್ಲ. ಅಲ್ಲಿ ಒಬ್ಬರ ಡ್ಯೂಟಿ ಮುಗಿದರೆ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು, ಒಬ್ಬರು ರಿಟೈರಾದರೆ ಹೊಸಬರು ಕಲಿಯುತ್ತಿದ್ದರು. ವಾರ್ಡ್ ಅಂದರೆ ಅದೇ ಅಲ್ಲವಾ? ಮನೆಗಳಲ್ಲಿ ವಾರ್ಡ್ ಇಲ್ಲ. ನಿನ್ನ ಏಜೆನ್ಸಿ ಆ ವಾರ್ಡ್ ಆಗುವುದಾದರೆ ನನ್ನ ದುಡ್ಡು ಹಾಕುತ್ತೇನೆ. ಬರೀ ನಂಬರು ಕೊಡುವ ಬ್ಯುರೋ ಆಗುವುದಾದರೆ ನೀನು ಈಗಿರುವ ಐಸಿಯು ಕೆಲಸವೇ ಮೇಲು.

ಲೆಕ್ಕ ಹೀಗೆ ಹಾಕಿದ್ದೇನೆ. ಹತ್ತು ಜನ, ದಿನಕ್ಕೆ 600 ಅವರ ಕೈಗೆ, ತಿಂಗಳಿಗೆ 1,80,000. ಕೋಥ್ರೂಡ್, ಔಂಧಿನ ಕಡೆ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಿಗೆ ಅಮೆರಿಕದ ಮಗ ದುಡ್ಡು ಕಳಿಸಬೇಕು. ಅವನು ತಿಂಗಳ ಬಿಲ್ಲು ನೋಡಿ, ಎರಡು ಪ್ರಶ್ನೆ ಕೇಳಿ, ಹದಿನೈದನೇ ತಾರೀಖಿಗೆ ಹಾಕುತ್ತಾನೆ. ಅಂದರೆ ಒಂದೂವರೆ ತಿಂಗಳ ಸಂಬಳ, 2,70,000, ನಿನ್ನ ಕೈಯಿಂದ ಮೊದಲು ಹೋಗಿರಬೇಕು. ನೀನು ನನ್ನಲ್ಲಿ ಕೇಳಿದ್ದು 3 ಲಕ್ಷ. ಆಫೀಸು, ಎಸಿಗೆ ಅಂತ ಕೇಳಿದ್ದೀಯ. ಆಫೀಸು ನಿನ್ನ ಬಾಡಿಗೆ ಮನೆಯ ಹಾಲಿನಲ್ಲಿ ಇರಲಿ. ಪಾರ್ಟಿಯಿಂದ ಹದಿನೈದು ದಿನದ್ದು ಮುಂಗಡ ತಗೋ, ನಾಚಿಕೊಳ್ಳಬೇಡ. ಮಾವಶಿಯರಿಗೆ ಮಾತ್ರ ಪಾರ್ಟಿ ಕೊಟ್ಟರೂ ಕೊಡದಿದ್ದರೂ ಹೇಳಿದ ದಿನ ಸಂಬಳ ಆಗಬೇಕು. ಹೋಟೆಲಿನಲ್ಲಿ 7ನೇ ತಾರೀಖು ತಪ್ಪಿದರೆ 8ಕ್ಕೆ ಇಬ್ಬರು ಮಾಣಿಗಳು ಎದುರಿನ ಹೋಟೆಲಿನಲ್ಲಿ ಇರುತ್ತಿದ್ದರು.

ಹತ್ತು ಮನೆಗೆ ಹನ್ನೆರಡು ಜನ ಇಟ್ಟುಕೋ. ಆ ಇಬ್ಬರು ಬದಲಿ. ಡ್ಯೂಟಿ ಇಲ್ಲದ ದಿನವೂ ಅವರಿಗೆ ದುಡ್ಡು ಕೊಡಬೇಕು, ತಿಂಗಳಿಗೆ 36,000 ಜಾಸ್ತಿ. ಅದನ್ನು ಹತ್ತು ಮನೆಗೆ ಹಂಚಿದರೆ ದಿನಕ್ಕೆ 120. ಪಾರ್ಟಿಗೆ ರೇಟು ಹೇಳುವಾಗ ಈ 120 ಯಾಕೆ ಅಂತಲೂ ಹೇಳು. ಮಳೆಯ ರಾತ್ರಿಯೊಂದನ್ನು ಕಂಡ ಮನೆಯವರು ಚೌಕಾಸಿ ಮಾಡುವುದಿಲ್ಲ.

ಇನ್ನೊಂದು ವಿಷಯ ನಿನಗೆ ಈ ತನಕ ಹೇಳಿಲ್ಲ. ಸೆಪ್ಟೆಂಬರಿನಲ್ಲಿ ಅಮ್ಮನಿಗೆ ನ್ಯುಮೋನಿಯಾ ಆಯಿತಲ್ಲ, ನಿನ್ನ ಪರೀಕ್ಷೆ ಹತ್ತಿರ ಇತ್ತು, ತಂಡಿ ಆಗಿದೆ ಅಂದಿದ್ದೆ. ನಮ್ಮ ಮಾವಶಿ ನಾಲ್ಕು ದಿನ ರಜೆ ಹಾಕಿದ್ದಳು. ಬೇರೆ ಬ್ಯುರೋದಿಂದ ‘ಸಿಸ್ಟರ್’ ಬೇಕೆಂದು ಕೇಳಿ 1,200 ಕೊಟ್ಟು ಒಬ್ಬಳನ್ನು ತರಿಸಿದೆ. ಬಿಳಿ ಕೋಟು ಹಾಕಿದ್ದಳು. ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವಾಗ ತಲೆದಿಂಬು ಎತ್ತರಿಸಲಿಲ್ಲ, ಅಮ್ಮ ಅಂಗಾತ ಮಲಗಿದ್ದ ಹಾಗೇ ಸಿರಿಂಜು ಒತ್ತಿದಳು. ಅಮ್ಮ ಕೆಮ್ಮಿದಳು, ಮುಖ ನೀಲಿಯಾಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಸಿಸ್ಟರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಮೂರನೇ ದಿನ ಜ್ವರ. ಆಸ್ಪತ್ರೆಯಿಂದ ಬಂದಮೇಲೆ ವಿಚಾರಿಸಿದರೆ ಅವಳು ನರ್ಸಿಂಗ್ ಕಲಿತವಳೇ ಅಲ್ಲ, ಎಎನ್‌ಎಮ್ಮೂ ಅಲ್ಲ, ಜಿಎನ್‌ಎಮ್ಮೂ ಅಲ್ಲ, ಒಂದು ನರ್ಸಿಂಗ್ ಹೋಮಿನಲ್ಲಿ ಬಟ್ಟೆ ಮಡಚುತ್ತಿದ್ದವಳು. ಪಾಪ, ಅವಳ ಹೊಟ್ಟೆಪಾಡು. ಕೋಟು ತೊಡಿಸಿ ಕಳಿಸಿದವರನ್ನು ಏನನ್ನಬೇಕು?

ಹಾಗಾಗಿ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು, ಬಿಎಸ್ಸಿ ನಾಲ್ಕು ವರ್ಷ ಕಲಿತದ್ದು ಅಂತ ಪಾರ್ಟಿಗೆ ಬಿಡಿಸಿ ಹೇಳು. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನ ರಿಜಿಸ್ಟ್ರೇಷನ್ ಇದ್ದವರಿಗೆ ಮಾತ್ರ ಸಿಸ್ಟರ್ ಅನ್ನು, ಒರಿಜಿನಲ್ ನಿನ್ನ ಕಣ್ಣಾರೆ ನೋಡು. ಮಾವಶಿಯನ್ನು ಮಾವಶಿ ಅಂತಲೇ ಕಳಿಸು. ಇಂಜೆಕ್ಷನ್ ಕೊಡುವುದಿಲ್ಲ, ನಳಿಗೆ ಹಾಕುವುದಿಲ್ಲ ಅಂತ ಅವಳ ಕೈಯಲ್ಲೇ ಒಂದು ಕಾಗದ ಇರಲಿ, ಮರಾಠಿಯಲ್ಲಿ. ‘ಅಷ್ಟು ಮಾಡಿಬಿಡು ಮಾವಶಿ’ ಅಂತ ಮನೆಯವರೇ ಒತ್ತಾಯ ಮಾಡುವುದು ಜಾಸ್ತಿ.

ಕಾಯಿದೆಯ ಕಾಗದಪತ್ರ ಬೇಗ ಮುಗಿಸುತ್ತೇನೆ. ಇಲ್ಲಿ ನಾವು ಗುಮಾಸ್ತಾ ಅನ್ನುವ ಅಂಗಡಿ ನೋಂದಣಿಯನ್ನು ಪುಣೆಯವರು ಶಾಪ್ ಆ್ಯಕ್ಟ್ ಅನ್ನುತ್ತಾರೆ, ಅದು ಮೊದಲು. ಹತ್ತು ಜನ ಆದರೆ ಇಎಸ್‌ಐ, ಕೆಲಸದವರ ಸರ್ಕಾರಿ ವಿಮೆ. 21,000 ರೂಪಾಯಿವರೆಗಿನ ಸಂಬಳದವರಿಗೆ ನಿನ್ನದು ನೂರಕ್ಕೆ 3.25, ಅವರದು 0.75. ಇಪ್ಪತ್ತಾದರೆ ಪಿಎಫ್. ಜಿಎಸ್‌ಟಿ ಸಿಎಯನ್ನು ಕೇಳು. ಹನ್ನೆರಡು ಜನರನ್ನು ಒಂಬತ್ತು ಅಂತ ತೋರಿಸುವ ಉಪಾಯ ಯಾರಾದರೂ ಹೇಳಿಕೊಡುತ್ತಾರೆ. ನಾನೂ ಹಾಗೆ ಮಾಡಿದವನು. ಹಾಜರಿಯ ಮಸ್ಟರಿನಲ್ಲಿ ಹೆಸರಿಲ್ಲದ ಒಬ್ಬ ಹುಡುಗನ ಕೈಮೇಲೆ ಬನ್ಸ್ ಕರಿಯುವ ಎಣ್ಣೆ ಬಿತ್ತು. ಆಸ್ಪತ್ರೆಯ ಖರ್ಚು ನಾನೇ ಕೊಟ್ಟೆ. ಆದರೆ ಆ ಮೂರು ತಿಂಗಳು ಊರಿನಲ್ಲಿ ಅವನ ತಾಯಿಗೆ ಮನಿಯಾರ್ಡರು ಹೋಗಲಿಲ್ಲ ಎಂಬುದು ನನಗೆ ತಿಳಿದದ್ದು ವರ್ಷದ ಮೇಲೆ.

ಕಳಿಸುವ ಮುಂಚೆ ಪ್ರತಿ ಮನೆಗೂ ನೀನೇ ಹೋಗು. ರೋಗಿಯನ್ನು ನೀನು ಹೇಗೂ ನೋಡುತ್ತೀ. ಮಾವಶಿ ಎಲ್ಲಿ ಮಲಗುತ್ತಾಳೆ, ಅವಳು ಹೋಗುವ ಬಾತ್‌ರೂಮಿಗೆ ಚಿಲಕ ಇದೆಯಾ, ರಾತ್ರಿ ಆ ಮನೆಯಲ್ಲಿ ಬೇರೆ ಯಾರ್‍ಯಾರು ಇರುತ್ತಾರೆ, ಅದನ್ನೂ ನೋಡು. ಅರುಣಾಳ ಮೇಲೆ ಹಲ್ಲೆ ಆದದ್ದು ಅಷ್ಟು ಜನ ಇರುವ ಆಸ್ಪತ್ರೆಯ ಒಳಗೆ. ಇದು ಬಾಗಿಲು ಹಾಕಿದ ಫ್ಲ್ಯಾಟು. 2013ರ ಲೈಂಗಿಕ ಕಿರುಕುಳದ ಕಾಯಿದೆಯಲ್ಲಿ ಮನೆಯೂ ಕೆಲಸದ ಜಾಗವೇ. ಹತ್ತು ಜನ ಇದ್ದರೆ ನೀನು ಸಮಿತಿ ಮಾಡಲೇಬೇಕು. ಅದಕ್ಕಿಂತ ಮೊದಲು, ಅವಳು ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತಬೇಕು. ಪುಣೆಯಲ್ಲಿ ನಮ್ಮಲ್ಲಿಯಷ್ಟು ಲೋಕಲ್ ಇಲ್ಲ, ರಾತ್ರಿ ಪಿಎಂಪಿ ಬಸ್ಸೂ ಕಡಿಮೆ. ಹಡಪ್ಸರಿನವಳನ್ನು ಔಂಧಿಗೆ ಹಾಕಿದರೆ ಎರಡನೇ ವಾರವೇ ಖಾಡಾ.

ಚಹಾದ ಲೋಟದ ವಿಷಯ ಬರೆಯಬೇಕೋ ಬೇಡವೋ ಅಂತ ಇತ್ತು. ಬರೆಯುತ್ತೇನೆ. ಮಾವಶಿಗೆ ನಾನು ಬೇರೆ ಲೋಟ ಇಟ್ಟಿದ್ದೆ, ತುಟಿ ಬಾಗಿದ ಹಳೆ ಸ್ಟೀಲಿನದು, ಕಿಟಕಿಯ ಕಟ್ಟೆಯ ಮೇಲೆ. ಮಾಣಿಗಳೆಲ್ಲ ಒಂದೇ ಬಾಳೆ ಹಾಕಿ ಉಣ್ಣುತ್ತಿದ್ದ ಹೋಟೆಲಿನವನು ನಾನು, ಮನೆಯಲ್ಲಿ ಹೀಗೆ. ಒಂದು ಸಂಜೆ ಅಮ್ಮ ಎಡಗೈಯಲ್ಲಿ ಆ ಲೋಟ ತೋರಿಸಿ, ಆಮೇಲೆ ತನ್ನ ಲೋಟ ತೋರಿಸಿ, ನನ್ನನ್ನೇ ನೋಡಿದಳು. ಮಾತಿಲ್ಲ. ಮರುದಿನ ಅದನ್ನು ಗುಜರಿಗೆ ಹಾಕಿದೆ. 24 ಗಂಟೆಯ ಡ್ಯೂಟಿಯ ಕಾಗದದಲ್ಲಿ ಊಟ ಯಾರದು, ನಿದ್ದೆ ಎಷ್ಟು ಗಂಟೆ ಅಂತ ನೀನು ಬರೆಯುತ್ತೀಯಲ್ಲ, ಅಲ್ಲೇ ಲೋಟದ್ದೂ ಒಂದು ಸಾಲು ಬರೆಯಲು ಆಗುತ್ತದಾ ನೋಡು.

ಎಫ್‌ಡಿ ಮುರಿಸಲು ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ಶನಿವಾರ ಕಲ್ಯಾಣದಲ್ಲಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತುತ್ತೇನೆ, ಪುಣೆ ಸ್ಟೇಷನ್ನಿಗೆ ಬಾ, ಜೊತೆಗೆ ನಿನ್ನ ಗೆಳತಿಯೂ ಬರಲಿ. ಅಮ್ಮನ ಏರ್‌ಬೆಡ್ ಅಟ್ಟದಿಂದ ಇಳಿಸಿ ಮೋಟರ್ ಹಾಕಿ ನೋಡಿದೆ, ಗಾಳಿ ಹಿಡಿಯುತ್ತದೆ. ಕಾಲಿನ ಬದಿಯ ಒಂದು ಸಾಲು ಮಾತ್ರ ಉಬ್ಬುವುದಿಲ್ಲ. ಅಲ್ಲಿ ಸೈಕಲ್ ಪಂಕ್ಚರಿನವನ ತೇಪೆ ಹಾಕಿಸಿದ್ದೆ, ಅದು ಎದ್ದಿದೆ. ನಿಮ್ಮಲ್ಲಿ ಸರಿಮಾಡುವವರು ಇದ್ದರೆ ಹೇಳು, ಇಲ್ಲವಾದರೆ ಇಲ್ಲೇ ಮಾಡಿಸಿ ತರುತ್ತೇನೆ.

ನಿನ್ನ
ಅಪ್ಪಯ್ಯ