ಶಬ್ದ ಮೊದಲು ಕಳಿಸಿ, ಕಂಪ್ಯೂಟರ್ ಆಮೇಲೆ ತನ್ನಿ

ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮ ಎಲ್ಲ ಗಿರಾಕಿಗಳಿಗೆ ನಮಸ್ಕಾರ. ಉಪ್ಪಳ, ಮಂಜೇಶ್ವರದಿಂದ ಸಿಪಿಯು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವವರಿಗೆ ಎರಡು ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಕೆಲವು ಬದಲಾವಣೆ ಉಂಟು. ನಿಮ್ಮ ಕಂಪ್ಯೂಟರ್ ಏನಾದರೂ ಶಬ್ದ ಮಾಡುತ್ತಿದ್ದರೆ, ತರುವ ಮೊದಲು ಆ ಶಬ್ದವನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ನಮ್ಮ ವಾಟ್ಸಾಪಿಗೆ ಕಳಿಸಬೇಕು. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ, ಏನು ಮಾಡಬೇಕು ಅಂತ ನಿಮ್ಮ ಹತ್ತಿರ ಎದುರಿಗೆ ಕೂತು ಮಾತಾಡದೆ ನಾವು ಅದನ್ನು ಆನ್ ಮಾಡುವುದೇ ಇಲ್ಲ. ಮತ್ತೆ, ಬಿಚ್ಚಿ ನೋಡುವುದಕ್ಕೆ 150 ರೂಪಾಯಿ ತೆಗೆದುಕೊಳ್ಳುತ್ತೇವೆ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಕೊನೆಯದ್ದು ಓದಿ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಅದರ ಮಾತು ಆಮೇಲೆ.

ಮೊದಲು ನಮ್ಮದೇ ಒಂದು ತಪ್ಪು ಹೇಳಬೇಕು. ಕಳೆದ ಆಟಿ ತಿಂಗಳಲ್ಲಿ, ಮಳೆ ಜೋರಾಗಿ ಹೊಡೆಯುತ್ತಿದ್ದ ಒಂದು ದಿನ, ರಿಟೈರ್ ಆದ ಮಾಷ್ಟ್ರೊಬ್ಬರು ಪ್ಲಾಸ್ಟಿಕ್ ಸುತ್ತಿಕೊಂಡು ಕಂಪ್ಯೂಟರ್ ತಂದರು. "ಸ್ವಲ್ಪ ಸ್ಲೋ ಉಂಟು, ಎಂಥದೋ ಶಬ್ದವೂ ಬರ್ತದೆ" ಅಂದರು. ಅಂಗಡಿಯಲ್ಲಿ ಜನ ಇದ್ದರು. ನಾನು ಚೀಟಿಯಲ್ಲಿ 'ಸ್ಲೋ' ಅಂತ ಮಾತ್ರ ಬರೆದೆ. ಚೀಟಿ ನೋಡಿ ನಮ್ಮ ಹುಡುಗ ಡಿಸ್ಕ್ ಪೂರ್ತಿ ಸ್ಕ್ಯಾನ್ ಮಾಡಲಿಕ್ಕೆ ಹಾಕಿ, ರಾತ್ರಿ ಹಾಗೇ ಬಿಟ್ಟು ಮನೆಗೆ ಹೋದ. ಸಾಯಲಿಕ್ಕೆ ಬಿದ್ದ ಡಿಸ್ಕಿನಿಂದ ರಾತ್ರಿಯಿಡೀ ಕೆಲಸ ಮಾಡಿಸಿದ ಹಾಗಾಯಿತು. ಬೆಳಿಗ್ಗೆ ಅದು ಬರೀ ಟಿಕ್ ಟಿಕ್ ಅನ್ನುತ್ತಿತ್ತು, ಬೇರೇನೂ ಇಲ್ಲ. ಒಳಗೆ ಇದ್ದದ್ದು ಅವರು ಊರೂರು ತಿರುಗಿ ರೆಕಾರ್ಡ್ ಮಾಡಿದ ತಾಳಮದ್ದಳೆ, ಹನ್ನೆರಡು ವರ್ಷದ್ದು. ದೊಡ್ಡ ಊರಿನ ಒಂದು ಲ್ಯಾಬಿಗೆ ನಮ್ಮ ಖರ್ಚಿನಲ್ಲಿ ಕಳಿಸಿದೆವು, ಅರ್ಧಕ್ಕಿಂತ ಕಮ್ಮಿ ಸಿಕ್ಕಿತು. ಅವರು ಬೈಯಲಿಲ್ಲ. "ಶಬ್ದ ಬರ್ತದೆ ಅಂತ ನಾನು ಹೇಳಿದ್ದೆ ಅಲ್ವಾ?" ಅಂತ ಕೇಳಿದರು, ಅಷ್ಟೇ. ಹುಡುಗನ ತಪ್ಪಲ್ಲ, ಚೀಟಿ ಬರೆದದ್ದು ನಾನು.

ಸರಿ, ಬಾಯಲ್ಲಿ ಹೇಳಿದರೆ ಸಾಲದಾ, ರೆಕಾರ್ಡ್ ಯಾಕೆ ಅಂತ ನೀವು ಕೇಳಬಹುದು. ನೋಡಿ, ಒಬ್ಬರಿಗೆ ಗರಗರ ಅನಿಸಿದ್ದು ಇನ್ನೊಬ್ಬರಿಗೆ ಗುಂಯ್ ಅನಿಸುತ್ತದೆ. ಕಾಸರಗೋಡು ಏಳು ಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳಲಿಕ್ಕೆ ಚೆಂದ, ಆದರೆ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಎಲ್ಲದರಲ್ಲೂ ಫೋನಿನಲ್ಲಿ ಫ್ಯಾನಿನ ಶಬ್ದ ಮಾಡಿ ತೋರಿಸುವುದನ್ನು ಕೇಳಿ ಅರ್ಥ ಮಾಡಿಕೊಳ್ಳುವುದು ನಮ್ಮ ಪಾಡು. ಒಬ್ಬರು ಎಷ್ಟು ಚೆನ್ನಾಗಿ ಮಾಡಿ ತೋರಿಸಿದರು ಅಂದರೆ, ನಾವು ಹೊಸ ಫ್ಯಾನ್ ತೆಗೆದಿಟ್ಟು ಕಾದೆವು. ಕೊನೆಗೆ ನೋಡಿದರೆ ಶಬ್ದ ಅವರ ಯುಪಿಎಸ್‌ನದ್ದು, ಅದು ಮನೆಯಲ್ಲೇ ಉಳಿದಿತ್ತು.

ಹೆಚ್ಚಿನ ಶಬ್ದ ಫ್ಯಾನಿನದ್ದೇ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಗರ್ರ್ ಅಂದು, ಹತ್ತು ನಿಮಿಷ ಕಳೆದ ಮೇಲೆ ಸುಮ್ಮನಾಗುತ್ತದಾ? ಬೇರಿಂಗಿನ ಎಣ್ಣೆ ಒಣಗಿದೆ, ಫ್ಯಾನ್ ಬದಲಿಸಬೇಕು, ಆದರೆ ಅವಸರ ಇಲ್ಲ. ಸಣ್ಣವರಿದ್ದಾಗ ಸೈಕಲ್ ಚಕ್ರಕ್ಕೆ ರಟ್ಟು ಸಿಕ್ಕಿಸಿ ಓಡಿಸುತ್ತಿದ್ದೆವಲ್ಲ, ಆ ಥರ ಟರ್ ಟರ್ ಅಂತ ಒಂದೇ ಸಮ ಬಂದರೆ ಯಾವುದೋ ವಯರು ಫ್ಯಾನಿನ ರೆಕ್ಕೆಗೆ ತಾಗುತ್ತಿದೆ. ಅದಕ್ಕೆ ದುಡ್ಡೇ ಬೇಡ, ಆಫ್ ಮಾಡಿ ವಯರನ್ನು ಬದಿಗೆ ಕಟ್ಟಿದರೆ ಮುಗಿಯಿತು. ಮಿಕ್ಸಿಯ ಹಾಗೆ ರೊಯ್ಯೋ ಅಂತ ಯಾವಾಗಲೂ ಕೂಗುತ್ತಿದ್ದರೆ ಫ್ಯಾನಿನ ತಪ್ಪಿಲ್ಲ ಪಾಪ, ಒಳಗೆ ಬಿಸಿ ಜಾಸ್ತಿ ಆಗಿದೆ. ಧೂಳು ತುಂಬಿರಬಹುದು, ಇಲ್ಲವಾದರೆ ಪ್ರೊಸೆಸರಿನ (ಎಲ್ಲ ಲೆಕ್ಕ ಮಾಡುವ ಮುಖ್ಯ ಚಿಪ್ಪು) ಮೇಲೆ ಹಚ್ಚಿದ ಪೇಸ್ಟ್ ಒಣಗಿರಬಹುದು. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದರೆ ತಾನು ಸುಡಬಾರದು ಅಂತ ತನ್ನ ವೇಗವನ್ನು ತಾನೇ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಪಕ್ಕನೆ ಆಫ್ ಆಗುತ್ತದೆ. ಹಾಗಾಗಿ 'ಸ್ಲೋ' ಮತ್ತು 'ಶಬ್ದ' ಅಂತ ನೀವು ಎರಡು ದೂರು ತರುತ್ತೀರಿ, ಎಷ್ಟೋ ಸಲ ರೋಗ ಒಂದೇ.

ನಮ್ಮ ಊರಿನ ಧೂಳು ಬೇರೆ ಥರದ್ದು. ಜಗಲಿಯಲ್ಲಿ ಒಂದು ಬದಿ ಅಡಿಕೆ ಸುಲಿಯುತ್ತಾರೆ, ಇನ್ನೊಂದು ಬದಿ ಮಕ್ಕಳ ಕಂಪ್ಯೂಟರ್. ಸಿಪ್ಪೆಯ ನಾರು ಒಳಗೆ ಹೋಗಿ ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕಿನ ಎಡೆಯಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಕೈಯಲ್ಲಿ ಹಿಡಿದು ಎಳೆದರೆ ಇಡೀ ಪದರ ಎದ್ದು ಬರುತ್ತದೆ. ಕಡಲಬದಿಯ ಮನೆಗಳಿಂದ ಬರುವ ಪೆಟ್ಟಿಗೆಗಳಲ್ಲಿ ಧೂಳು ಕಮ್ಮಿ, ತುಕ್ಕು ಜಾಸ್ತಿ, ಸ್ಕ್ರೂ ತೆಗೆಯಲಿಕ್ಕೇ ಅರ್ಧ ಗಂಟೆ. ಸುಲಿಯುವ ಸಮಯದಲ್ಲಿ ಕಂಪ್ಯೂಟರನ್ನು ಒಳಕೋಣೆಗೆ ಸಾಗಿಸಿ. ಬಟ್ಟೆ ಹೊದಿಸುವುದಾದರೆ ಆಫ್ ಇದ್ದಾಗ ಮಾತ್ರ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಅದರ ಮೂಗು ಮುಚ್ಚಿದ ಹಾಗೆ.

ಧೂಳನ್ನು ನೀವೇ ಊದಿ ತೆಗೆಯಬಹುದು. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಂಡು ಬ್ಲೋವರ್ ಬಿಡಿ. ಹಿಡಿಯದಿದ್ದರೆ ಗಾಳಿಗೆ ಅದು ಲೆಕ್ಕಕ್ಕಿಂತ ಜೋರಾಗಿ ತಿರುಗಿ ಬೇರಿಂಗ್ ಹೋಗಬಹುದು. ಆದರೆ ದಯಮಾಡಿ ತೆಂಗಿನೆಣ್ಣೆ ಬಿಡಬೇಡಿ ಮಾರಾಯ್ರೆ! ಧನು ತಿಂಗಳ ಚಳಿಗೆ ಬಾಟ್ಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಧೂಳನ್ನೂ ಅಂಟಿಸಿಕೊಳ್ಳುತ್ತದೆ. ಎರಡು ದಿನ ಶಬ್ದ ನಿಲ್ಲುತ್ತದೆ ನಿಜ, ಮೂರನೇ ದಿನ ಫ್ಯಾನೇ ನಿಲ್ಲುತ್ತದೆ.

ಇನ್ನು ಟಿಕ್ ಟಿಕ್. ಇದನ್ನು ಮಾತ್ರ ಸರಿಯಾಗಿ ಓದಿ.

ಡೆಸ್ಕ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸೆಕೆಂಡಿಗೆ 120 ಸುತ್ತು. ಅದರ ತಟ್ಟೆಯ ಮೇಲೆ ಓದುವ ಹೆಡ್ ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಎಡೆ. ಹೆಡ್ಡಿಗೆ ತನ್ನ ಜಾಗ ಸಿಗದಿದ್ದರೆ ಅದು ವಾಪಸು ಬಂದು ಮತ್ತೆ ಹುಡುಕಲಿಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಆ ಹೋಗಿ ಬರುವ ಸದ್ದೇ ಟಿಕ್ ಟಿಕ್. ಹೆಡ್ ಹಾಳಾಗಿದ್ದರೆ ಪ್ರತಿ ಸಲವೂ ತಟ್ಟೆಯನ್ನು ಗೀರಬಹುದು, ಗೀರಿದ ಜಾಗದಲ್ಲಿದ್ದ ಫೈಲನ್ನು ಯಾವ ಲ್ಯಾಬೂ ತರಲಾರದು. ಆದ್ದರಿಂದ ಟಿಕ್ ಟಿಕ್ ಕೇಳಿದವರು ನಮಗೆ ರೆಕಾರ್ಡ್ ಮಾಡಿ ಕಳಿಸಲಿಕ್ಕೆ ಅಂತ ಇನ್ನೊಮ್ಮೆ ಆನ್ ಮಾಡಬೇಡಿ. ನಮ್ಮ ಹೊಸ ನಿಯಮ ನಿಮಗೆ ಅನ್ವಯಿಸುವುದಿಲ್ಲ, ಫೋನ್ ಮಾಡಿ ಹೇಳಿದರೆ ಸಾಕು. ಡಿಸ್ಕನ್ನು ತಟ್ಟಬೇಡಿ, ಬಿಚ್ಚಬೇಡಿ. ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಅಂತ ಒಂದು ಹಳೇ ಉಪಾಯ ಇನ್ನೂ ಓಡಾಡುತ್ತಿದೆ, ನಮ್ಮ ಹವೆಯಲ್ಲಿ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಹನಿಗಟ್ಟುತ್ತದೆ, ಇದ್ದ ಜೀವವೂ ಹೋಗುತ್ತದೆ.

ಆನ್ ಮಾಡಬೇಡಿ ಅಂದದ್ದಕ್ಕೆ ಒಂದೇ ಒಂದು ವಿನಾಯಿತಿ ಉಂಟು. ಹೊರಗಿನಿಂದ ಸಿಕ್ಕಿಸುವ ಡಿಸ್ಕ್ ಆದರೆ, ಕೇಬಲ್ ಹಳೆಯದಾಗಿ ಕರೆಂಟು ಸಾಲದೆಯೂ ಟಿಕ್ ಅನ್ನಬಹುದು. ಬೇರೆ ಕೇಬಲ್ ಹಾಕಿ, ಬೇರೆ ಪೋರ್ಟಿಗೆ ಒಮ್ಮೆ ಸಿಕ್ಕಿಸಿ ನೋಡಿ. ಒಮ್ಮೆ ಮಾತ್ರ.

ಅಂಗಡಿಗೆ ಬಂದ ಮೇಲೆ ನಾವು ಮಾಡುವುದು ಇಷ್ಟು. ಯಾವ ಫೋಲ್ಡರ್ ಮುಖ್ಯ ಅಂತ ಎದುರಿಗೆ ಕೂತು ಕೇಳಿ ಬರೆದುಕೊಳ್ಳುತ್ತೇವೆ. ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಮೊದಲು ಅದನ್ನು ಹಾಗೇ ಬೇರೆ ಡಿಸ್ಕಿಗೆ ಕಾಪಿ ಮಾಡುತ್ತೇವೆ, ಉಳಿದದ್ದೆಲ್ಲ ಆಮೇಲೆ. ಓದುವುದಿಲ್ಲ ಅಂತಾದರೆ ನಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ಅಲ್ಲೇ ಹೇಳುತ್ತೇವೆ. ಲ್ಯಾಬಿಗೆ ಕಳಿಸಿದರೆ ಸಾವಿರಗಟ್ಟಲೆ ಆಗುತ್ತದೆ, ಬೇಕೋ ಬೇಡವೋ ನೀವು ಹೇಳಿ. 'ಸುಮ್ನೆ ಒಂದು ಫಾರ್ಮ್ಯಾಟ್ ಹೊಡೆದು ಕೊಡಿ' ಅನ್ನುವವರಿಗೆ ಇನ್ನು ಮುಂದೆ ಇಲ್ಲ ಅನ್ನುತ್ತೇವೆ, ಬೇಸರಿಸಬೇಡಿ.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಬರುವ, ಬರೀ ಚಿಪ್ಪುಗಳ ಡಿಸ್ಕ್) ಹಾಕಿಸಿದವರು ನೆಮ್ಮದಿಯಲ್ಲಿದ್ದೀರಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ಶಬ್ದವೂ ಇಲ್ಲ. ಆದರೆ ಹಾರ್ಡ್ ಡಿಸ್ಕ್ ಎಷ್ಟೋ ಸಲ ಕೂಗಿ ಹೇಳಿ ಸಾಯುತ್ತದೆ, ಎಸ್‌ಎಸ್‌ಡಿ ನಿನ್ನೆ ಸರಿ ಇದ್ದದ್ದು ಇವತ್ತು ಕಾಣಿಸುವುದೇ ಇಲ್ಲ. ನನಗೆ ಕೇಳಿದರೆ ಕೂಗುವುದೇ ಒಳ್ಳೆಯದು. ಬೇಕಾದ್ದನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ.

ಗೇಮ್ ಆಡುವ ಮಕ್ಕಳು ಕಳಿಸುವ ಚೀಂ ಅನ್ನುವ ಸಣ್ಣ ಸದ್ದು, ಪೇಜ್ ಮೇಲೆ ಕೆಳಗೆ ಮಾಡಿದರೂ ಏರಿಳಿಯುವಂಥದ್ದು, ಗ್ರಾಫಿಕ್ಸ್ ಕಾರ್ಡಿನ ಅಥವಾ ಪವರ್ ಸಪ್ಲೈಯ ತಂತಿಸುರುಳಿ ನಡುಗುವುದರಿಂದ ಬರುತ್ತದೆ. ಕಿವಿಗೆ ಕಿರಿಕಿರಿ, ಕಂಪ್ಯೂಟರಿಗೆ ಏನೂ ಇಲ್ಲ. ಗೇಮಿನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಕಮ್ಮಿ ಮಾಡಿ ನೋಡಿ.

ಪರದೆ ಕಪ್ಪಾಗಿದ್ದು ಬೀಪ್ ಬೀಪ್ ಅಂದರೆ ಲೆಕ್ಕ ಮಾಡಿ: ಎಷ್ಟು ಸಲ, ಉದ್ದವೋ ಗಿಡ್ಡವೋ. ಒಳಗಿನ ಮದರ್‌ಬೋರ್ಡಿನಿಂದ ಬೋರ್ಡಿಗೆ ಅರ್ಥ ಬೇರೆ, ಆದರೆ ನಾವು ಕಂಡದ್ದರಲ್ಲಿ ಹೆಚ್ಚಿನದ್ದು ಬೋರ್ಡಿಗೆ ಸಿಕ್ಕಿಸುವ ನೆನಪಿನ ಪಟ್ಟಿ, ಅಂದರೆ ರ‍್ಯಾಮ್. ಮಳೆಗಾಲದ ತೇವಕ್ಕೆ ಅದರ ಕಾಲು (ಅಂಚಿನ ಲೋಹದ ಗೆರೆಗಳು) ಮಸುಕಾಗುತ್ತದೆ. ತೆಗೆದು, ಮಕ್ಕಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದರೆ ಸುಮಾರು ಕೇಸು ಮನೆಯಲ್ಲೇ ಮುಗಿಯುತ್ತದೆ. ಎಷ್ಟೋ ಹೊಸ ಬೋರ್ಡುಗಳಲ್ಲಿ ಬೀಪ್ ಮಾಡುವ ಸ್ಪೀಕರೇ ಇರುವುದಿಲ್ಲ, ಕೆಲವದರಲ್ಲಿ ಸಣ್ಣ ಲೈಟು ಉರಿಯುತ್ತದೆ. ಅದರ ಫೋಟೋ ಕಳಿಸಿ.

ಚಿಟಪಟ ಅಂದರೆ, ಅಥವಾ ಸುಟ್ಟ ವಾಸನೆ ಬಂದರೆ ರೆಕಾರ್ಡು ಗಿಕಾರ್ಡು ಏನೂ ಬೇಡ. ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಎಳೆಯಿರಿ. ಪವರ್ ಸಪ್ಲೈಯ ಡಬ್ಬಿಯನ್ನು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಅದನ್ನು ನಾವೂ ರಿಪೇರಿ ಮಾಡುವುದಿಲ್ಲ, ಬದಲಿಸುತ್ತೇವೆ. ಒಳಗೆ ಎಷ್ಟೋ ಸಲ ಸಿಗುವುದು ಸತ್ತ ಹಲ್ಲಿ. ಬೆಚ್ಚಗಿರುತ್ತದೆ ಅಂತ ಹೊಕ್ಕು, ಎರಡು ಕಡೆ ಒಟ್ಟಿಗೆ ತಾಗಿ, ತಾನೂ ಹೋಗುತ್ತದೆ, ಸಪ್ಲೈಯೂ ಹೋಗುತ್ತದೆ. ಕ್ಯಾಬಿನೆಟಿನ ಹಿಂದೆ ತಗಡಿನ ಪಟ್ಟಿ ಬಿದ್ದುಹೋದ ಕಿಂಡಿ ಇದ್ದರೆ ಮುಚ್ಚಿ.

ಹಲ್ಲಿ ಅಂದಾಗ ನೆನಪಾಯಿತು. ರೆಕಾರ್ಡ್ ತರಿಸಿಕೊಳ್ಳುವುದನ್ನು ಎರಡು ತಿಂಗಳಿನಿಂದ ಕೆಲವರ ಹತ್ತಿರ ಪ್ರಯೋಗ ಮಾಡಿ ನೋಡಿದ್ದೇವೆ. ಪೆರ್ಲದ ಕಡೆಯ ಒಬ್ಬರು ಕಳಿಸಿದ ಟಿಕ್ ಟಿಕ್ ಕೇಳಿ ನಮಗೆ ಎದೆ ಹಾರಿತು. ಎರಡನೇ ಸಲ ಕೇಳಿದಾಗ ಹಿಂದಿನಿಂದ ಅವರ ಅಜ್ಜಿ "ಕೃಷ್ಣ ಕೃಷ್ಣ" ಅಂದದ್ದು ಕೇಳಿಸಿತು. ಲೊಚಗುಟ್ಟಿದ್ದು ಗೋಡೆಯ ಹಲ್ಲಿ. ಇನ್ನೊಬ್ಬರ ಸ್ಪೀಕರಿನ ತಟಕ್ ತಟಕ್ ಅನ್ನುವ ಸದ್ದು, ಪಕ್ಕದಲ್ಲೇ ಇಟ್ಟ ಮೊಬೈಲಿಗೆ ಕಾಲ್ ಬರುವ ಮೊದಲು ಬರುವಂಥದ್ದು. ಮೊಬೈಲು ದೂರ ಇಟ್ಟರು, ಸರಿಯಾಯಿತು. ಯುಪಿಎಸ್ ಕೂಗುವುದಂತೂ ವಾರಕ್ಕೆ ಎರಡಾದರೂ ಬರುತ್ತದೆ, ಹೆಚ್ಚಿನವು ಬ್ಯಾಟರಿ ಮುದಿಯಾದದ್ದು. ಇಂಥವನ್ನೆಲ್ಲ ವಾಟ್ಸಾಪಿನಲ್ಲೇ ಹೇಳಿಬಿಡುತ್ತೇವೆ, ಅದಕ್ಕೆ ಒಂದು ಪೈಸೆಯೂ ಇಲ್ಲ. ನಿಮ್ಮ ಬಸ್ಸಿನ ದುಡ್ಡೂ ಉಳಿಯಿತು.

ಹಾಗಾದರೆ 150 ರೂಪಾಯಿ ಯಾತಕ್ಕೆ? ಬಿಚ್ಚಿ, ಒಂದೊಂದೇ ಭಾಗ ತೆಗೆದು ಸದ್ದು ಯಾವುದರದ್ದು ಅಂತ ಹುಡುಕಲಿಕ್ಕೆ ಒಂದು ಗಂಟೆ ಹೋಗುತ್ತದೆ. ಹುಡುಕಿ ಹೇಳಿದ ಮೇಲೆ 'ಹೌದಾ, ಸರಿ, ಭಾಗ ಆನ್‌ಲೈನಿನಲ್ಲಿ ತರಿಸ್ತೇವೆ' ಅಂತ ವಾಪಸು ಒಯ್ಯುವವರು ಜಾಸ್ತಿಯಾಗಿದ್ದಾರೆ. ಒಯ್ಯಿರಿ, ತಪ್ಪಿಲ್ಲ, ನಾವೂ ಎಷ್ಟೋ ಸಾಮಾನು ಹಾಗೇ ತರಿಸುತ್ತೇವೆ. ಆ ಒಂದು ಗಂಟೆಯದ್ದು ಮಾತ್ರ ಕೊಡಿ. ಶಾಲೆ, ಅಂಗನವಾಡಿ, ವಾಚನಾಲಯದ ಕಂಪ್ಯೂಟರಿಗೆ ಇದು ಇಲ್ಲ.

ರೆಕಾರ್ಡ್ ಮಾಡುವಾಗ ಮನೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಟಿವಿಯನ್ನೂ. ಮೊಬೈಲನ್ನು ಪೆಟ್ಟಿಗೆಯಿಂದ ಒಂದು ಗೇಣು ದೂರ ಹಿಡಿಯಿರಿ, ಫ್ಯಾನಿನ ಗಾಳಿ ನೇರ ಮೈಕಿಗೆ ಹೊಡೆಯದ ಹಾಗೆ. ಆನ್ ಮಾಡುವ ಗಳಿಗೆಯಿಂದಲೇ ಶುರು ಮಾಡಿ. ಕಂಪ್ಯೂಟರ್ ಎಷ್ಟು ವರ್ಷದ್ದು, ಶಬ್ದ ಯಾವಾಗ ಬರುತ್ತದೆ ಅಂತ ಎರಡು ಮಾತು ಸೇರಿಸಿ. ಯಾವ ಭಾಷೆಯಾದರೂ ಸರಿ. ಇದೇ ಪತ್ರದ ಮಲಯಾಳಂ ಪ್ರತಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ.

ತುಲಾ ತಿಂಗಳ ಗುಡುಗು ಶುರುವಾಗಿದೆ. ಮಧ್ಯಾಹ್ನ ಮೋಡ ಕಟ್ಟಿದ ಕೂಡಲೇ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ಟಿನ ವಯರನ್ನೂ ಕಿತ್ತಿಡಿ. ಕಳೆದ ವರ್ಷ ಸಿಡಿಲಿಗೆ ಹೋದ ಬೋರ್ಡುಗಳಲ್ಲಿ ಹೆಚ್ಚಿನವು ಪ್ಲಗ್ ಕಿತ್ತಿಟ್ಟವರದ್ದೇ, ವಯರು ಮರೆತಿದ್ದರು.

ಈಗಾಗಲೇ ನಮ್ಮಲ್ಲಿ ಬಿಟ್ಟುಹೋದ ಕಂಪ್ಯೂಟರುಗಳಿಗೆ ಹಳೇ ಲೆಕ್ಕವೇ. ಅವುಗಳಲ್ಲಿ ನಾಲ್ಕನ್ನು ಮಳೆಗಾಲಕ್ಕೆ ಮೊದಲು ಬಿಟ್ಟವರು ಇನ್ನೂ ಬಂದಿಲ್ಲ, ರಿಪೇರಿ ಯಾವಾಗಲೋ ಆಗಿದೆ. ಒಂದು ನೀಲಿ ಪೆನ್ ಡ್ರೈವ್ ಕೂಡ ಮೇಜಿನ ಮೇಲೆ ಉಳಿದಿದೆ, ಅದಕ್ಕೆ ಕೆಂಪು ನೂಲು ಕಟ್ಟಿದೆ. ಯಾರದ್ದು ಅಂತ ಹೇಳಿ ಒಯ್ಯಿರಿ. ಆದಿತ್ಯವಾರ ರಜೆ.

ಇತಿ,
ಬದಿಯಡ್ಕದ ನಿಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯವರು