ಗೆಳೆಯನಿಗೊಂದು ಪತ್ರ: ವರದಿಗೆ ಕೈ ಹಾಕುವ ಮೊದಲು

ಗೆಳೆಯಾ,

ನಿನ್ನ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ಕಂಪನಿಯಲ್ಲಿ ಹೊಸದಾಗಿ ರಿಸರ್ಚ್ ವಿಭಾಗ ಶುರು ಮಾಡಿ ನಿನ್ನನ್ನೇ ಅದರ ತಲೆಯ ಮೇಲೆ ಕೂರಿಸಿದ್ದಾರೆ. ಮೂರು ತಿಂಗಳಲ್ಲಿ "ಮಾರುಕಟ್ಟೆಯ ಪೂರ್ತಿ ಚಿತ್ರ" ಬೇಕು ಅಂದಿದ್ದಾರೆ. ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ನೀನು ಕೇಳಿದ್ದೀಯ. ಸದ್ಯಕ್ಕೆ ಯಾವುದೂ ಬೇಡ ಮಾರಾಯ. ಒಂದು ನೋಟ್‌ಬುಕ್, ಒಂದು ಫೋನ್ ಸಾಕು. ಪೂರ್ತಿ ಚಿತ್ರ ಅನ್ನೋದು ಕೇಳಲು ಚೆನ್ನಾಗಿರುತ್ತದೆ, ಆದರೆ ಅದನ್ನು ಕೈಗೆ ಕೊಟ್ಟರೆ ಏನು ಮಾಡಬೇಕೆಂದು ಕೇಳಿದವರಿಗೇ ಗೊತ್ತಿರುವುದಿಲ್ಲ.

ನನ್ನ ಮೊದಲ ದೊಡ್ಡ ವರದಿಯ ಕಥೆ ನಿನಗೆ ಹೇಳಿಲ್ಲ ಅನಿಸುತ್ತದೆ. ಹೇಳುವಂಥ ಕಥೆಯೂ ಅಲ್ಲ ಬಿಡು. ನಾವು ಮೂವರು, ನಾಲ್ಕು ತಿಂಗಳು, 140 ಪುಟ. ಪ್ರತಿಸ್ಪರ್ಧಿಗಳು ಯಾರು, ಯಾರ ಪಾಲು ಎಷ್ಟು, ಯಾರ ಬೆಲೆ ಎಷ್ಟು, ಎಲ್ಲ ಇತ್ತು. ಬಣ್ಣಬಣ್ಣದ ಚಾರ್ಟುಗಳು ಬೇರೆ. ಮೀಟಿಂಗಿನಲ್ಲಿ ಮೇಲಿನವರು ಪುಟ ತಿರುವಿ, "ಚೆನ್ನಾಗಿದೆ. ಈಗ ಬೆಲೆ ಇಳಿಸೋಣವೋ ಬೇಡವೋ?" ಎಂದು ಕೇಳಿದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಗೆ ಬೇಕಾಗಿದ್ದುದು ಅದೊಂದೇ. ನಮಗೆ ಅದನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆಮೇಲೆ ಬಿಟ್ಟುಹೋದ 20 ಗ್ರಾಹಕರಿಗೆ ಫೋನ್ ಮಾಡಿದೆವು. ಎರಡು ದಿನದ ಕೆಲಸ. ಹೆಚ್ಚಿನವರು ಬೆಲೆಯ ಮಾತೇ ಎತ್ತಲಿಲ್ಲ. ಸರಕು ಹೇಳಿದ ದಿನಕ್ಕೆ ಬರಲ್ಲ, ಅದಕ್ಕೇ ಬಿಟ್ಟೆವು ಅಂದರು. ಇನ್ನೂ ಮಜಾ ಏನು ಗೊತ್ತಾ? ನಮ್ಮ ಡೆಲಿವರಿ ಹುಡುಗರಿಗೆ ಇದು ವರ್ಷದಿಂದ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಬೆಲೆ ಇಳಿಸುವುದು ನಿಂತಿತು. ನಾಲ್ಕು ತಿಂಗಳ ವರದಿಯಿಂದ ಆಗದ ಕೆಲಸ ಎರಡು ದಿನದ ಫೋನಿನಿಂದ ಆಯಿತು.

ಅಂದಿನಿಂದ ಯಾರಾದರೂ "ಒಂದು ಸ್ಟಡಿ ಮಾಡಿ ಕೊಡಿ" ಅಂದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಉತ್ತರ 'ಹೌದು' ಅಂತ ಬಂದರೆ ಏನು ಮಾಡುತ್ತೀರಿ? 'ಇಲ್ಲ' ಅಂತ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಸ್ಟಡಿ ಬೇಕಿಲ್ಲ ಅಂತ ಲೆಕ್ಕ. ಎಷ್ಟೋ ಸಲ ನಿರ್ಧಾರ ಆಗಲೇ ಆಗಿರುತ್ತದೆ, ಅದಕ್ಕೊಂದು ಮುದ್ರೆ ಒತ್ತಲು ನಿನ್ನನ್ನು ಕರೆಯುತ್ತಾರೆ. ಅದನ್ನು ಬೇಗ ಗುರುತಿಸುವುದು ಕಲಿತುಕೋ. ನಯವಾಗಿ ಬೇಡ ಅನ್ನುವುದು ಕಷ್ಟ, ಹೊಸಬನಿಗೆ ಇನ್ನೂ ಕಷ್ಟ. ಆದರೆ ಒಮ್ಮೆ ಮುದ್ರೆ ಒತ್ತಿದೆಯೋ, ಮುಂದೆ ಅದೇ ನಿನ್ನ ಕೆಲಸವಾಗಿಬಿಡುತ್ತದೆ.

ಜೊತೆಗೆ, ನಿರ್ಧಾರ ಯಾವ ದಿನ ಆಗುತ್ತದೆ ಅಂತಲೂ ಕೇಳಿಟ್ಟುಕೋ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ತಡವಾಗಿ ಬಂದ ಒಳ್ಳೆಯ ವರದಿಯ ಗತಿಯೂ ಅದೇ. ನಿರ್ಧಾರಕ್ಕೆ ಮೊದಲು ಸಿಕ್ಕ ಅರ್ಧ ಉತ್ತರಕ್ಕೆ ಅದಕ್ಕಿಂತ ಜಾಸ್ತಿ ಬೆಲೆಯಿದೆ.

ಇದೇನೂ ನಾನು ಕಂಡುಹಿಡಿದ ವಿದ್ಯೆಯಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ಜ್ಯಾನ್ ಹೆರಿಂಗ್ 1980ರ ದಶಕದಲ್ಲಿ ಮೊಟೊರೋಲಾ ಕಂಪನಿಗೆ ಬಂದು ಇಂಥದ್ದೇ ವಿಭಾಗ ಕಟ್ಟಿದರು. ಅವರ ಪದ್ಧತಿ ಸರಳ. ಮೊದಲು ಮೇಲಿನವರ ಜೊತೆ ಒಬ್ಬೊಬ್ಬರಾಗಿ ಕೂತು, ಅವರಿಗೆ ಏನು ತಿಳಿಯಬೇಕಾಗಿದೆ ಎಂದು ಕೇಳುವುದು. ಬಂದ ಉತ್ತರಗಳು ಸಾಮಾನ್ಯವಾಗಿ ಮೂರು ಗುಂಪಿಗೆ ಬೀಳುತ್ತವೆ. ಮುಂದೆ ಇರುವ ನಿರ್ಧಾರಗಳು ಒಂದು. ಮೊದಲೇ ಎಚ್ಚರಿಕೆ ಸಿಗಬೇಕಾದ ಸಂಗತಿಗಳು ಇನ್ನೊಂದು. ಕಣ್ಣಿಟ್ಟಿರಬೇಕಾದ ಆಟಗಾರರು, ಅಂದರೆ ಪ್ರತಿಸ್ಪರ್ಧಿಗಳು, ಗ್ರಾಹಕರು, ಪೂರೈಕೆದಾರರು, ಮೂರನೆಯದು. ನೀನೂ ಮೊದಲ ಎರಡು ವಾರ ಇದನ್ನೇ ಮಾಡು. ಬೇರೆ ಏನೂ ಮಾಡಬೇಡ.

ಮಾಹಿತಿ ಎಲ್ಲಿ ಸಿಗುತ್ತದೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಅರ್ಧಕ್ಕರ್ಧ ನಿಮ್ಮ ಮನೆಯೊಳಗೇ ಇರುತ್ತದೆ: ಸೇಲ್ಸ್‌ನವರ ತಲೆಯಲ್ಲಿ, ದೂರು ಕೇಳುವವರ ಫೋನಿನಲ್ಲಿ, ಖರೀದಿ ವಿಭಾಗದ ಹಳೆಯ ಇಮೇಲ್‌ಗಳಲ್ಲಿ. ಹೊರಗಿನದ್ದೂ ಬಹುಪಾಲು ಬಾಗಿಲು ತೆರೆದೇ ಇರುತ್ತದೆ. ವಾರ್ಷಿಕ ವರದಿಯ ಹಿಂದಿನ ಪುಟಗಳ ಸಣ್ಣ ಅಕ್ಷರದ ಟಿಪ್ಪಣಿಗಳನ್ನು ಓದು, ಮುಂದಿನ ಪುಟಗಳ ಫೋಟೋ ಬಿಡು. ಪ್ರತಿಸ್ಪರ್ಧಿ ಯಾವ ಕೆಲಸಕ್ಕೆ ಜನರನ್ನು ಹುಡುಕುತ್ತಿದ್ದಾನೆ ಎಂಬ ಜಾಹೀರಾತು ಅವನ ಮುಂದಿನ ನಡೆ ಹೇಳಿಬಿಡುತ್ತದೆ. ಪೇಟೆಂಟ್ ಅರ್ಜಿಗಳನ್ನೂ ನೋಡು. ಆದರೆ ಅವು ಸಾಮಾನ್ಯವಾಗಿ ಮೊದಲ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಬಹಿರಂಗವಾಗುತ್ತವೆ. ನೀನು ಇವತ್ತು ಓದುತ್ತಿರುವುದು ಅವರು ಒಂದೂವರೆ ವರ್ಷದ ಹಿಂದೆ ಯೋಚಿಸಿದ್ದು, ನೆನಪಿರಲಿ. ಸುಳ್ಳು ಹೆಸರು ಹೇಳಿ ಫೋನ್ ಮಾಡುವುದು, ಕೆಲಸ ಬಿಟ್ಟು ಬಂದವರಿಂದ ಹಳೆಯ ಕಂಪನಿಯ ಗುಟ್ಟು ಕೀಳುವುದು, ಇವಕ್ಕೆ ಕೈ ಹಾಕಲೇಬೇಡ. ಅದು ಕಳ್ಳತನ, ಅಷ್ಟೇ.

ಈಗ ಎಐ ಬಂದಿದೆ, ನನ್ನ ಆ 140 ಪುಟ ನಾಲ್ಕು ನಿಮಿಷದಲ್ಲಿ ತಯಾರಾಗುತ್ತದೆ. ಯಾರೂ ಓದದ ವರದಿ ಬೇಗ ತಯಾರಾಗುವುದನ್ನು ಪ್ರಗತಿ ಅನ್ನಬೇಕೋ ಏನೋ, ನೀನೇ ಹೇಳು.

ಇನ್ನು ಬರೆಯುವ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿನ್ನ ಬರವಣಿಗೆ ನನಗೆ ಗೊತ್ತು! "ಸಾಧ್ಯತೆ ಇದೆ", "ಇರಬಹುದು", "ಅಲ್ಲಗಳೆಯಲಾಗದು" ಎಂದೆಲ್ಲ ಬರೆದು ಜಾರಿಕೊಳ್ಳುತ್ತೀಯ. 1951ರಲ್ಲಿ ಶರ್ಮನ್ ಕೆಂಟ್ ಎಂಬ ಸಿಐಎ ವಿಶ್ಲೇಷಕರ ತಂಡ, ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವ "ಗಂಭೀರ ಸಾಧ್ಯತೆ" ಇದೆ ಎಂದು ವರದಿ ಬರೆಯಿತು. ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಗಂಭೀರ ಅಂದರೆ ಎಷ್ಟು ಅಂತ ಕೇಳಿದರು. ಕೆಂಟ್ ನೂರಕ್ಕೆ 65 ಅಂದರು. ಆ ಅಧಿಕಾರಿ ದಂಗಾದರು. ಅವರು ಅದಕ್ಕಿಂತ ಎಷ್ಟೋ ಕಡಿಮೆ ಅಂದುಕೊಂಡಿದ್ದರು. ಆಮೇಲೆ ಕೆಂಟ್ ತಮ್ಮ ತಂಡದವರನ್ನೇ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ 20 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ 80. ಎಲ್ಲರೂ ಕೂತು ಒಪ್ಪಿ ಬರೆದ ಅದೇ ಎರಡು ಪದ!

ಅದಕ್ಕೇ ಹೇಳುವುದು, ಅಂಕಿ ಹಾಕು. ನೂರಕ್ಕೆ 70 ಅನಿಸಿದರೆ 70 ಅಂತ ಬರೆ. ತಪ್ಪಾಗುತ್ತದೆ ಎಂಬ ಭಯ ಇದ್ದೇ ಇರುತ್ತದೆ. ಆದರೆ "ಇರಬಹುದು" ಅಂತ ಬರೆದವನು ತಪ್ಪೂ ಆಗುವುದಿಲ್ಲ, ಸರಿಯೂ ಆಗುವುದಿಲ್ಲ. ಅಂಥವನನ್ನು ಮುಂದಿನ ಸಲ ಯಾಕೆ ಕರೆಯಬೇಕು? ಮತ್ತೆ ಮೊದಲ ಪುಟದ ಮೊದಲ ಸಾಲಿನಲ್ಲೇ ಉತ್ತರ ಇರಲಿ. ಹೇಗೆ ಕಂಡುಕೊಂಡೆ ಎಂಬುದು ಹಿಂದೆ ಇದ್ದರೆ ಸಾಕು, ಬೇಕಾದವರು ತಿರುವಿ ನೋಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಕೆಲಸವಾಗದೆ ಹೋಗಬಹುದು. ಕ್ಯಾಮೆರಾ ಫಿಲ್ಮ್ ಮಾರುತ್ತಿದ್ದ ಕೊಡ್ಯಾಕ್ ಕಂಪನಿಯ ಕಥೆ ನೋಡು. ಡಿಜಿಟಲ್ ಕ್ಯಾಮೆರಾ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ ಅಂತ ಜನ ಹೇಳುತ್ತಾರೆ. ಅದು ಸುಳ್ಳು. 1975ರಲ್ಲಿ ಅದನ್ನು ಮಾಡಿದ್ದೇ ಅವರ ಎಂಜಿನಿಯರ್ ಸ್ಟೀವ್ ಸ್ಯಾಸನ್. 1981ರಲ್ಲಿ ಕಂಪನಿಯ ಮಾರುಕಟ್ಟೆ ಅಧ್ಯಯನದ ಮುಖ್ಯಸ್ಥ ವಿನ್ಸ್ ಬರಾಬಾ ಒಂದು ಒಳ್ಳೆಯ ವರದಿಯನ್ನೂ ಕೊಟ್ಟರು. ಡಿಜಿಟಲ್ ಮುಂದೆ ಫಿಲ್ಮಿನ ಜಾಗ ಹಿಡಿಯಬಲ್ಲದು, ತಯಾರಾಗಲು ಸುಮಾರು ಹತ್ತು ವರ್ಷ ಸಮಯವಿದೆ ಎಂಬುದು ಅದರ ಸಾರ. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿತ್ತು. ನನ್ನ ಅನುಮಾನ ಏನೆಂದರೆ, ಓದಿದವರ ಕಿವಿಗೆ ಬಿದ್ದದ್ದು "ತಯಾರಾಗಿ" ಎಂಬ ಮಾತಲ್ಲ, "ಹತ್ತು ವರ್ಷ ಇದೆ" ಎಂಬ ಮಾತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು.

ಒಳ್ಳೆಯ ವರದಿಯೊಂದೇ ಸಾಲದು ಎಂಬುದನ್ನು ಶೆಲ್ ತೈಲ ಕಂಪನಿಯ ಪಿಯರ್ ವಾಕ್ ಬೇಗ ಅರ್ಥ ಮಾಡಿಕೊಂಡರು. 1970ರ ದಶಕದ ಶುರುವಿನಲ್ಲಿ ಮುಂದೆ ಏನೇನಾಗಬಹುದು ಎಂದು ಅವರ ತಂಡ ಬರೆದ ಮೊದಲ ಭವಿಷ್ಯ ಚಿತ್ರಗಳು ಅಚ್ಚುಕಟ್ಟಾಗಿದ್ದವು, ಆದರೆ ನಿರ್ಧಾರ ಮಾಡುವವರಿಗೆ ಉಪಯೋಗಕ್ಕೆ ಬರಲಿಲ್ಲ. ಆಗ ವಾಕ್ ಮ್ಯಾನೇಜರುಗಳನ್ನು ಬೈಯಲಿಲ್ಲ. ಇವರು ತಲೆಯಲ್ಲಿ ಏನು ನಂಬಿಕೊಂಡಿದ್ದಾರೆ, ಯಾವ ಸಂಗತಿ ಆ ನಂಬಿಕೆಯನ್ನು ಅಲುಗಾಡಿಸುತ್ತದೆ ಎಂದು ಹುಡುಕಿದರು. ತೈಲ ಅಗ್ಗವಾಗಿ ಹರಿದು ಬರುತ್ತಲೇ ಇರಬೇಕಾದರೆ ಏನೇನು ಪವಾಡ ನಡೆಯಬೇಕು ಎಂದು ಅವರ ಮುಂದೆ ಬಿಡಿಸಿಟ್ಟರು. 1973ರ ಅಕ್ಟೋಬರಿನಲ್ಲಿ ಬಿಕ್ಕಟ್ಟು ಬಂದು ಕೆಲವೇ ತಿಂಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆಗ ಶೆಲ್‌ನವರು ಆ ಬಗ್ಗೆ ಮೊದಲೇ ಒಂದು ಸಲ ಯೋಚಿಸಿ ಮುಗಿಸಿದ್ದರು.

ಹಾಗಾಗಿ ವರದಿ ಕಳಿಸಿ ಸುಮ್ನೆ ಕೂರಬೇಡ. ನಿರ್ಧಾರ ಆಗುವ ಕೋಣೆಯಲ್ಲಿ ನಿನಗೊಂದು ಕುರ್ಚಿ ಕೇಳು. ಸಿಗದಿದ್ದರೆ ಬಾಗಿಲ ಹೊರಗಾದರೂ ಇರು. "ಇದರ ಅರ್ಥ ನನ್ನ ವಿಭಾಗಕ್ಕೆ ಏನು?" ಎಂದು ಯಾರಾದರೂ ಕೇಳಿದಾಗ ಉತ್ತರಿಸಲು ಅಲ್ಲಿ ನೀನಿರಬೇಕು.

ಒಂದು ಪುಸ್ತಕ ಇಟ್ಟುಕೋ. ಸಾಫ್ಟ್‌ವೇರ್ ಅಲ್ಲ, ಪುಸ್ತಕ. ಎಡಗಡೆ ನೀನು ಹೇಳಿದ್ದು ಏನು, ನೂರಕ್ಕೆ ಎಷ್ಟು ಅಂತ. ಬಲಗಡೆ ಅವರು ಏನು ಮಾಡಿದರು, ಆರು ತಿಂಗಳಾದ ಮೇಲೆ ಏನಾಯಿತು. ನನ್ನದರಲ್ಲಿ ಬಲಗಡೆ ಖಾಲಿ ಇರುವ ಸಾಲುಗಳೇ ಜಾಸ್ತಿ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಆ ಖಾಲಿ ಸಾಲುಗಳನ್ನು ನೋಡಿಯೇ ಮುಂದಿನ ಸಲ ಯಾವ ಕೆಲಸ ಒಪ್ಪಿಕೊಳ್ಳಬಾರದು ಅಂತ ಗೊತ್ತಾಗುತ್ತದೆ. ಬಜೆಟ್ ಕಡಿತದ ಮಾತು ಬಂದಾಗ ಮೇಜಿನ ಮೇಲೆ ಇಡಲು ನನ್ನ ಬಳಿ ಇದ್ದದ್ದೂ ಅದೊಂದೇ. ಸ್ಟಡಿಗಳ ಎಣಿಕೆ ತೋರಿಸಿದ್ದರೆ ನಗುತ್ತಿದ್ದರು.

ಸೋಮವಾರ ನಿಮ್ಮ ಬಾಸ್ ಜೊತೆ ಮೀಟಿಂಗ್ ಇದೆ ಅಂದೆಯಲ್ಲ. ಆ ಎರಡು ಪ್ರಶ್ನೆ ಕೇಳಿ ನೋಡು. ಅವರ ಉತ್ತರವನ್ನು ಹೇಳಿದಂತೆಯೇ ಬರೆದು ನನಗೆ ಕಳಿಸು, ತಿದ್ದಬೇಡ. ಸಿಟ್ಟು ಮಾಡಿಕೊಂಡರೆ ಅದನ್ನೂ ಬರೆ.

ಇಂತಿ ನಿನ್ನ,
ಹಳೆಯ 140 ಪುಟದ ಗೆಳೆಯ