ಎರಡು ಗಂಟೆ ಹತ್ತು ನಿಮಿಷ

ರೆಡಿಂಗ್, ಇಂಗ್ಲೆಂಡ್, ಭಾನುವಾರ

ಅಪ್ಪನಿಗೆ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಹುಳಿಪುಡಿ ಡಬ್ಬದ ತಳ ಕಾಣಿಸ್ತಿದೆ ಅಂತ ಅಮ್ಮನಿಗೆ ಹೇಳಿ.

ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ನಾಲ್ಕು ದಿನದ ಕೇಸಿಗೆ ಹನ್ನೆರಡು ಜನ ಎರಡು ದಿನ ಒಳಗೆ ಕೂತು ಏನು ಮಾಡಿದಿರಿ?" ಅಂತ. ಹಾಸನದ ಕೋರ್ಟಿನಲ್ಲಿ 30 ವರ್ಷ ಬೆಂಚ್ ಕ್ಲರ್ಕ್ ಆಗಿದ್ದವರಿಗೆ ಇದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ. ಜೂರಿ ಅಂದರೆ ಕೇಸು ಕೇಳಿ ತೀರ್ಪು ಕೊಡೋಕೆ ಕೂರಿಸುವ ನಮ್ಮಂಥ ಸಾಮಾನ್ಯ ಜನ; ಆ ಕೋಣೆಯಲ್ಲಿ ಯಾರು ಏನಂದರು ಅನ್ನೋದನ್ನು ಬರೆಯುವ ಹಾಗಿಲ್ಲ. ಬಾಯಿ ಬಿಟ್ಟರೆ ಇಲ್ಲಿ ಅದೇ ಅಪರಾಧ, ಜೈಲೂ ಆಗಬಹುದು. ಮಗಳು ಅಪ್ಪನಿಗೆ ಬರೆದರೂ ಅಷ್ಟೇ. ಆದರೆ ಎಷ್ಟು ಹೊತ್ತು ಕೂತೆವು ಅನ್ನೋ ಗಡಿಯಾರದ ವಿಷಯ ಧಾರಾಳವಾಗಿ ಹೇಳಬಹುದು, ಅದು ತೆರೆದ ಕೋರ್ಟಿನಲ್ಲಿ ಎಲ್ಲರೂ ನೋಡಿದ್ದು.

ಇಂಡಿಯಾ ಪಾಸ್‌ಪೋರ್ಟ್ ಇಟ್ಟುಕೊಂಡವಳನ್ನು ಜೂರಿಗೆ ಹೇಗೆ ಕರೆದರು ಅಂತಲೂ ಕೇಳಿದ್ದಿರಿ. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಓಟು ಉಂಟು. ಓಟರ್ ಲಿಸ್ಟಿನಿಂದಲೇ ಹೆಸರು ಎತ್ತುತ್ತಾರೆ, ಐದು ವರ್ಷ ಇಲ್ಲಿ ವಾಸ ಇದ್ದರೆ ಆಯಿತು. ಗೀತೆ ಹಿಡಿದು ಪ್ರಮಾಣ ಮಾಡಿದೆ.

ನಮ್ಮದು ಹೊಡೆದಾಟದ ಕೇಸು. ಸಾಕ್ಷಿ, ಪಾಟೀಸವಾಲು ಎಲ್ಲ ಗುರುವಾರಕ್ಕೆ ಮುಗಿಯಿತು. ಶುಕ್ರವಾರ 11 ಗಂಟೆ 10 ನಿಮಿಷಕ್ಕೆ ನಮ್ಮನ್ನು ಒಳಗೆ ಕಳಿಸಿದರು. ಫೋನ್ ಕಿತ್ತುಕೊಂಡು ಬೀಗ ಹಾಕಿ ಇಟ್ಟರು. ಜಡ್ಜ್ ಮೊದಲು ಹೇಳಿದ್ದು, ಹನ್ನೆರಡೂ ಜನ ಒಂದೇ ಮಾತಿಗೆ ಬರಬೇಕು ಅಂತ. ಆಗದಿದ್ದರೆ ಹತ್ತು ಜನ ಒಪ್ಪಿದರೂ ಸಾಕು, 1967ರಿಂದ ಹಾಗಿದೆ. ಆದರೆ ಆ ಮಾತನ್ನು ಜಡ್ಜ್ ಬೇಗ ಎತ್ತುವ ಹಾಗಿಲ್ಲ. ಕಾನೂನಿನಲ್ಲಿ ಕಡಿಮೆ ಅಂದರೆ ಎರಡು ಗಂಟೆ. ಕೋರ್ಟುಗಳು ಪಾಲಿಸೋದು ಎರಡು ಗಂಟೆ ಹತ್ತು ನಿಮಿಷ. ಆ ಹತ್ತು ನಿಮಿಷ ಯಾಕೆ ಗೊತ್ತಾ? ನಡೆದು ಹೋಗಿ, ಕುರ್ಚಿ ಎಳೆದುಕೊಂಡು, ಮುಖಂಡನನ್ನು ಆರಿಸೋಕೆ! ಬರೆದವರು ಯಾರೋ ಸಂಸಾರಸ್ಥರೇ ಇರಬೇಕು.

ಹೊತ್ತು ಹೋಗೋದು ಬರೀ ವಾದದಲ್ಲಿ ಅಲ್ಲ ಅಪ್ಪ. ಜಡ್ಜ್ ಪ್ರಶ್ನೆಗಳನ್ನು ಬರೆದು ಕೊಡುತ್ತಾರೆ: ಇದಕ್ಕೆ ಹೌದಾದರೆ ಮುಂದಿನದಕ್ಕೆ ಹೋಗಿ, ಇಲ್ಲವಾದರೆ ಅಲ್ಲಿಗೇ ಬಿಡುಗಡೆ. ಒಬ್ಬೊಬ್ಬ ಆರೋಪಿಗೂ, ಒಂದೊಂದು ಆರೋಪಕ್ಕೂ ಬೇರೆ ಬೇರೆ ತೀರ್ಮಾನ. ಅನುಮಾನ ಬಂದರೆ ಚೀಟಿ ಕಳಿಸಬೇಕು. ಆಗ ವಕೀಲರು, ಆರೋಪಿ ಎಲ್ಲರನ್ನೂ ಸೇರಿಸಿಕೊಂಡೇ ಜಡ್ಜ್ ಉತ್ತರ ಕೊಡಬೇಕು. ಒಂದು ಚೀಟಿಗೆ ಅರ್ಧ ಗಂಟೆ ಹೋದರೂ ಹೋಯಿತು. 2023ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಕ್ಕಳ ವಾರ್ಡಿನ ನರ್ಸ್ ಮೇಲೆ 22 ಆರೋಪ ಇತ್ತು. ಜೂರಿ 110 ಗಂಟೆಗೂ ಜಾಸ್ತಿ ಕೂತಿತ್ತು. ಅತ್ತ ಕೊಲೆ ಆರೋಪ ಹೊತ್ತಿದ್ದ ಅಮೆರಿಕದ ಆಟಗಾರ ಓ. ಜೆ. ಸಿಂಪ್ಸನ್ ಕೇಸು 1995ರಲ್ಲಿ ಎಂಟು ತಿಂಗಳು ನಡೆದು, ಜೂರಿ ನಾಲ್ಕು ಗಂಟೆಯೊಳಗೆ ಎದ್ದು ಬಂತು. ನ್ಯೂಜಿಲೆಂಡಿನ ಗ್ರೇಮೌತ್‌ನಲ್ಲಿ 2004ರಲ್ಲಿ ಒಂದು ಗಾಂಜಾ ಕೇಸಿಗೆ ಒಂದೇ ನಿಮಿಷ! ಬೇಗ ಬಂದರೆ ಬಿಡುಗಡೆ, ತಡವಾದರೆ ಶಿಕ್ಷೆ ಅಂತೆಲ್ಲ ಕಾರಿಡಾರಿನಲ್ಲಿ ಲೆಕ್ಕ ಹಾಕುತ್ತಾರೆ. ನನಗೇನೋ ಅದು ಗಿಳಿಶಾಸ್ತ್ರದ ಹಾಗೆ ಕಾಣುತ್ತೆ.

ಹಿಂದಿನ ಜೂರಿಗಳ ಪಾಡು ಕೇಳಿದರೆ ನಮಗೆ ಸಿಕ್ಕ ತಣ್ಣಗಿನ ಸ್ಯಾಂಡ್‌ವಿಚ್ಚೇ ಮೃಷ್ಟಾನ್ನ. ತೀರ್ಪು ಕೊಡುವವರೆಗೆ ಊಟ ಇಲ್ಲ, ನೀರಿಲ್ಲ, ಬೆಂಕಿ ಕಾಯಿಸೋ ಹಾಗಿಲ್ಲ. 1670ರಲ್ಲಿ ವಿಲಿಯಂ ಪೆನ್ ಅನ್ನೋನು ಬೀದಿಯಲ್ಲಿ ಧರ್ಮಬೋಧೆ ಮಾಡಿದ ಅಂತ ಕೇಸು. ಜೂರಿ ಅವನನ್ನು ಅಪರಾಧಿ ಅನ್ನಲಿಲ್ಲ. ಜಡ್ಜಿಗೆ ಸಿಟ್ಟು ಬಂದು ಎರಡು ರಾತ್ರಿ ಊಟ ಇಲ್ಲದೆ ಕೂಡಿಹಾಕಿದರು. ಆದರೂ ಬಗ್ಗಲಿಲ್ಲ. ಕೊನೆಗೆ ದಂಡ, ಜೈಲು. ಅವರಲ್ಲಿ ಬುಶೆಲ್ ಎಂಬಾತ ಮೇಲಿನ ಕೋರ್ಟಿಗೆ ಹೋಗಿ ಗೆದ್ದ. ತೀರ್ಪಿಗಾಗಿ ಜೂರಿಯನ್ನು ಶಿಕ್ಷಿಸುವ ಹಾಗಿಲ್ಲ ಅಂತಾಯಿತು. ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನೊಳಗೆ ಅವರ ಹೆಸರಿನ ಫಲಕ ಇದೆ. ನೀವು ಬಂದಾಗ ಹೋಗೋಣ.

1994ರವರೆಗೆ ತೀರ್ಪು ಆಗದಿದ್ದರೆ ರಾತ್ರಿ ಮನೆಗೂ ಬಿಡುತ್ತಿರಲಿಲ್ಲ, ಹೋಟೆಲಿನಲ್ಲಿ ಇಡುತ್ತಿದ್ದರು. ಅದೇ ವರ್ಷ ಬ್ರೈಟನ್ನಿನ ಹೋಟೆಲಿನಲ್ಲಿ ಒಂದು ಕೊಲೆ ಕೇಸಿನ ನಾಲ್ಕು ಜನ ಜೂರಿಗಳು ರಾತ್ರಿ ಲೋಟ ಬೋರಲು ಹಾಕಿ, ಅಕ್ಷರ ಜೋಡಿಸಿ, ಸತ್ತವನನ್ನೇ ಕರೆದು "ಕೊಂದವನು ಯಾರಪ್ಪಾ?" ಅಂತ ಕೇಳಿದರಂತೆ! ತೀರ್ಪು ರದ್ದಾಯಿತು. ಹೊಸ ಜೂರಿ ಮುಂದೆ ಮತ್ತೆ ವಿಚಾರಣೆ, ಮತ್ತೆ ಅದೇ ತೀರ್ಪು. ಅಮ್ಮನಿಗೆ ಇದನ್ನು ಓದಿ ಹೇಳಿ. "ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಬಾರದಿತ್ತಾ" ಅನ್ನುತ್ತಾಳೆ, ನೋಡಿ.

ನಮ್ಮನ್ನು ಶನಿವಾರ, ಭಾನುವಾರ ಮನೆಗೆ ಬಿಟ್ಟರು. ಇವರಿಗೂ ಏನೂ ಹೇಳುವ ಹಾಗಿಲ್ಲ. ಎರಡು ದಿನ ಸುಮ್ನೆ ಬಟ್ಟೆ ಮಡಚುತ್ತಾ ಕೂತಿದ್ದೆ. ಸೋಮವಾರ 12 ಗಂಟೆ 20ಕ್ಕೆ ಹೊರಗೆ ಬಂದೆವು.

ಆಗ ಕ್ಲರ್ಕ್ ಎದ್ದು ನಿಂತರು. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಒಟ್ಟು 7 ಗಂಟೆ 10 ನಿಮಿಷ ಅಂತ ಎಲ್ಲರಿಗೂ ಕೇಳುವ ಹಾಗೆ ಓದಿದರು. ತೀರ್ಪು ಕೇಳುವ ಮುಂಚೆ ಈ ಲೆಕ್ಕ ಒಪ್ಪಿಸಬೇಕು. ಕನ್ನಡಕ ಮೂಗಿನ ತುದಿಗೆ ಇಳಿಸಿ ಆಕೆ ಓದಿದ್ದು ಥೇಟ್ ನಿಮ್ಮ ಹಾಗೇ.

ಅಪರಾಧಿ. ಹತ್ತು ಜನ ಒಪ್ಪಿದ್ದರು, ಇಬ್ಬರು ಒಪ್ಪಿರಲಿಲ್ಲ. ಆ ಇಬ್ಬರಲ್ಲಿ ನಾನಿದ್ದೆನಾ ಅಂತ ಮಾತ್ರ ಕೇಳಬೇಡಿ ಅಪ್ಪ.

ಇಂತಿ ನಿಮ್ಮ ಮಗಳು